ಸುದ್ದಿ ಕೆಂಚಯ್ಯನವರ ಹಿಂದಿನ ಟೈರು

ಕೋಳಿ ಕೂಗಿ ಬಹಳ ಹೊತ್ತಾಗಿಲ್ಲ. ಕೊಳ್ಳೇಗಾಲಕ್ಕೆ ಎರಡು ಮೈಲಿ ಈಚೆಗಿನ ಒಂದು ಹಳ್ಳಿಯಲ್ಲಿ ಹೆಂಗಸೊಬ್ಬಳು ಬಾಗಿಲಿಗೆ ಸಗಣಿ ನೀರು ಹಾಕುತ್ತಿದ್ದಾಳೆ. ಬೀದಿಯ ತುದಿಯ ಇಳಿಜಾರಿನಲ್ಲಿ ಒಂದು ಸೈಕಲ್ ಬರುತ್ತಿದೆ. ಇಳಿಜಾರಿನಲ್ಲಿ ಯಾರೂ ಪೆಡಲು ತುಳಿಯುವುದಿಲ್ಲ. ಕಾಲು ಸುಮ್ಮನಿಟ್ಟರೆ ಹಿಂದಿನ ಚಕ್ರದಿಂದ ಟಿಕ್ ಟಿಕ್ ಎಂದು ಸದ್ದು ಬರಬೇಕು. ಈ ಸೈಕಲ್ಲಿನಿಂದ ಆ ಸದ್ದಿಲ್ಲ. ಮಣ್ಣಿನ ಮೇಲೆ ಟೈರು ಉರುಳುವ ಸರಸರ ಒಂದೇ. ಹೆಂಗಸು ಚೆಂಬನ್ನು ಕೆಳಗಿಡುತ್ತಾಳೆ. ತಿರುಗಿ ನೋಡದೆಯೇ ಅವಳಿಗೆ ತಿಳಿದಿದೆ, ಬಂದದ್ದು ಮಾಂಬಳ್ಳಿಯ ಕೆಂಚಯ್ಯ. ಯಾರ ಮನೆಗೆ ಎಂಬುದೊಂದು ತಿಳಿಯಬೇಕು.

ಕೆಂಚಯ್ಯ ಅವಳನ್ನು ದಾಟಿ ಮೂರನೆಯ ಮನೆಯ ಮುಂದೆ ಇಳಿಯುತ್ತಾರೆ. ಅವಳು ಬಿಟ್ಟ ಉಸಿರು ಬೀದಿಗೆ ಕೇಳುತ್ತದೆ. ಸೈಕಲನ್ನು ಜಗುಲಿಗೆ ಒರಗಿಸುವಂತಿಲ್ಲ; ಕೆಂಚಯ್ಯನವರ ಕೇರಿಯವರಿಗೆ ಆ ರೂಢಿಯಿಲ್ಲ. ಎದುರಿನ ಹೊಂಗೆ ಮರಕ್ಕೆ ಒರಗಿಸಿ, ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅಂಗಳದ ಅಂಚಿನಲ್ಲಿ ನಿಲ್ಲುತ್ತಾರೆ. ಆ ಬರಿತಲೆ ಕಂಡರೆ ಮನೆಯವರಿಗೆ ಅರ್ಧ ಗೊತ್ತಾಯಿತು ಎಂದೇ ಲೆಕ್ಕ.

“ಮಾಂಬಳ್ಳಿಲಿ ನಿಮ್ ಸೋದ್ರತ್ತೆಮ್ಮೋರು ಬರೇಳವ್ರೆ ಬುದ್ದಿ. ಈಗ ಒಂಟ್ರೆ ಸಿಕ್ತಾರೆ.”

ಸತ್ತರು ಎಂಬ ಮಾತನ್ನು ಅವರು ಆಡುವುದಿಲ್ಲ. ಅವರ ಅಪ್ಪನೂ ಆಡಿದವರಲ್ಲ. ಸಿಕ್ಕುತ್ತಾರೆ ಎಂದರೆ ಮಣ್ಣು ಮಾಡುವುದರೊಳಗೆ ಮುಖ ನೋಡಲು ಸಿಕ್ಕುತ್ತಾರೆ ಎಂದು. ಒಳಗಿನಿಂದ ಅಳು ಏಳುತ್ತದೆ. ಯಾರೋ ನೀರು ತರುತ್ತಾರೆ. ಸುದ್ದಿ ಹೇಳಿದ ಬಾಗಿಲಲ್ಲಿ ಅವತ್ತು ಗುಟುಕು ನೀರೂ ಕುಡಿಯಬಾರದು. ಕೆಂಚಯ್ಯ ಕೈಮುಗಿದು ತಿರುಗುತ್ತಾರೆ. ಇನ್ನೂ ಮೂರು ಊರುಗಳಿವೆ.

ಊರು ದಾಟಿದ ಮೇಲೆ ಸೈಕಲ್ಲಿನಿಂದಿಳಿದು ಹಿಂದಿನ ಚಕ್ರವನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯ ಹೆಬ್ಬೆರಳನ್ನು ಟೈರಿನ ಮೇಲೆ ಮೆಲ್ಲಗೆ ಓಡಿಸುತ್ತಾರೆ, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಒಸಡಿನಲ್ಲಿ ಹಲ್ಲು ಇಣುಕಿದಂತೆ ಕಪ್ಪು ರಬ್ಬರಿನ ಅಡಿಯಿಂದ ಬಿಳಿಯ ನೂಲು ಇಣುಕುತ್ತಿದೆ. ಒಂದು ಕಡೆಯಲ್ಲ, ಸುತ್ತಲೂ.

“ಮುಗೀತು ಕಣಪ್ಪ ನಿಂದು,” ಎನ್ನುತ್ತಾರೆ ಟೈರಿಗೆ.

ಬೇರೆ ಹೊತ್ತಿನಲ್ಲಾಗಿದ್ದರೆ ಇದೇ ಟೈರನ್ನು ಇನ್ನೊಂದು ತಿಂಗಳು ಎಳೆಯುತ್ತಿದ್ದರು. ಈ ತಿಂಗಳು ಅದು ಆಗುವ ಮಾತಲ್ಲ. ಮಾಂಬಳ್ಳಿಯಲ್ಲಿ ಹೊಲ ಗದ್ದೆಯಿರುವ ಹಿರಿಯರಾದ ಪುಟ್ಟಮಾದಪ್ಪನವರಿಗೆ ಉಸಿರು ಗಿಡ್ಡವಾಗಿದೆ. ಅವರ ಒಬ್ಬಳೇ ಮಗಳು ಶಿವರತ್ನಮ್ಮ ಇರುವುದು ಇಪ್ಪತ್ತೆರಡು ಮೈಲಿಯಾಚೆ, ಹನೂರಿನಲ್ಲಿ. ಐದು ವರ್ಷದ ಹಿಂದೆ ಆ ಹೆಣ್ಣುಮಗಳಿಗೆ ಅವಳ ತಾಯಿಯ ಮುಖ ಸಿಕ್ಕಲಿಲ್ಲ. ಸಿಕ್ಕದಂತೆ ಮಾಡಿದ್ದು ಕೆಂಚಯ್ಯನವರ ಹಿಂದಿನ ಟೈರು. ತಂದೆಯ ಮುಖವಾದರೂ ಅವಳಿಗೆ ಸಿಕ್ಕಬೇಕು.

ಕೆಂಚಯ್ಯನವರಿಗೆ ಈಗ ಐವತ್ತರ ಹತ್ತಿರ. ಸಾವಿನ ಸುದ್ದಿ ಒಯ್ಯುವುದು ಅಪ್ಪನಿಂದ ಬಂದ ಚಾಕರಿ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲ ಕರೆ ಅವರ ಗುಡಿಸಲಿಗೆ. ಒಂದು ಸಾವೆಂದರೆ ನಾಲ್ಕೈದು ಊರು. ಹೆಣ್ಣು ಕೊಟ್ಟ ಊರು, ತಂದ ಊರು, ಬೀಗರೂರು. ವಾರಕ್ಕೆ ಒಂದೆರಡು ಸಾವು ಇದ್ದದ್ದೇ. ವಾಂತಿಭೇದಿ ಬಂದ ವರ್ಷ ದಿನಕ್ಕೊಂದು. ಸುದ್ದಿ ಹೊತ್ತ ದಿನ ಮೂವತ್ತು ಮೈಲಿಗೆ ಕಡಿಮೆಯಿಲ್ಲ. ಅದಕ್ಕೆ ಸುಗ್ಗಿಯಲ್ಲಿ ಮನೆಗಿಷ್ಟು ಎಂದು ರಾಗಿ, ಸಾವಿನ ಮನೆಯಿಂದ ಒಂದು ತುಂಡು ಬಟ್ಟೆ. ಉಳಿದ ದಿನ ಕೂಲಿ. ಅಪ್ಪ ಈ ದಾರಿಯನ್ನೆಲ್ಲ ನಡೆದೇ ಸವೆಸಿದರು. ಆಗ ಮಾಂಬಳ್ಳಿಯಿರುವ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆ.

“ನಮ್ಮಪ್ಪ ಒಂದ್ ಸರ್ಕಾರದಿಂದ ಇನ್ನೊಂದ್ ಸರ್ಕಾರಕ್ಕೆ ಸಾವ ಒತ್ಕಂಡು ಓಯ್ತಿದ್ದ,” ಎಂದು ಕೆಂಚಯ್ಯ ನೆನೆಯುತ್ತಾರೆ. “ಗಡೀಲಿ ತಡುದು ಏನ್ಲಾ ಅದು ಅಂದ್ರೆ, ಕೈಲೇನೂ ಇಲ್ಲ ಬುದ್ದಿ, ಬಾಯಲ್ಲಿ ಅದೆ ಅಂತಿದ್ದ. ಬುಟ್ಬುಡೋರು.”

ಎರಡು ಸೀಮೆಯೂ ಒಂದೇ ರಾಜ್ಯವಾದ ಐವತ್ತಾರರಲ್ಲಿ ಕೆಂಚಯ್ಯ ಈ ಸೈಕಲನ್ನು ಕೊಂಡರು. ಯಾವುದೋ ಕಚೇರಿಯ ಜವಾನ ಓಡಿಸಿ ಬಿಟ್ಟದ್ದು. ಹಿಂದಿನ ಚಕ್ರದ ಟಿಕ್ ಟಿಕ್ ಎನ್ನುವ ಫ್ರೀವೀಲ್ ಒಡೆದಿತ್ತು. ಹೊಸದು ಹಾಕಿಸಲು ಕೈಯಲ್ಲಿ ಕಾಸಿರಲಿಲ್ಲವಾಗಿ ಕೊಳ್ಳೇಗಾಲದ ಸೈಕಲ್ ಅಂಗಡಿಯ ಗುರುಮಲ್ಲಪ್ಪ ಅದನ್ನೇ ಬೆಸುಗೆ ಹಾಕಿಸಿ ಕೊಟ್ಟರು. ಅಂದಿನಿಂದ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ. ಏರಾಗಲಿ ಇಳಿಜಾರಾಗಲಿ ಕಾಲಿಗೆ ಬಿಡುವಿಲ್ಲ. ಬ್ರೇಕು ಎಂದೋ ಹೋಗಿದೆ; ನಿಲ್ಲಬೇಕೆಂದರೆ ಬಲಗಾಲನ್ನು ಮುಂದಕ್ಕೆ ತಂದು ಎರಡೂ ಮೊಣಕಾಲು ಬಿಗಿಹಿಡಿಯಬೇಕು. ಚಕ್ರ ಕಟ್ಟಿಹೋಗಿ, ಟೈರು ನೆಲಕ್ಕೆ ಉಜ್ಜಿಕೊಂಡು ನಿಲ್ಲುತ್ತದೆ.

“ಒಂದ್ ತಿಂಗ್ಳಿಗೆ ಅಂತ ಬೆಸ್ದಿದ್ದು. ಅದಿನೈದು ವರ್ಸ ಆಯ್ತು,” ಎಂದು ಗುರುಮಲ್ಲಪ್ಪ ನಗುತ್ತಾರೆ. ಒಮ್ಮೆ ತಾವೇ ಬೆಸೆಸಿದ ಸೈಕಲ್ ಹತ್ತಿ, ನಾಲ್ಕು ಮಾರು ಹೋಗಿ, ರೂಢಿಯಂತೆ ಕಾಲು ಸುಮ್ಮನಿಟ್ಟರಂತೆ. ಪೆಡಲು ಅವರನ್ನು ಎತ್ತಿ ಚರಂಡಿಯ ಪಕ್ಕಕ್ಕೆ ಹಾಕಿತು. ಮೂರು ಊರಿನಲ್ಲಿ ಈ ಸೈಕಲ್ ಓಡಿಸಬಲ್ಲವರು ಒಬ್ಬರೇ.

ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೂ ಕೆಂಚಯ್ಯ ಅದನ್ನು ಬದಲಾಯಿಸಲಿಲ್ಲ. “ಟಿಕ್ ಟಿಕ್ ಅನ್ಕಂಡು ಸಾವಿನ್ ಸುದ್ದಿ ಯೋಳಾಕೆ ಓಗಾಕಾಯ್ತದ? ಇದು ಬಾಯ್ ಮುಚ್ಕಂಡು ಬತ್ತದೆ.” ತಂತಿ ಕೊಡಬಹುದಲ್ಲ, ಬಸ್ಸಿದೆಯಲ್ಲ ಎಂದರೆ ಅದಕ್ಕೂ ಉತ್ತರವಿದೆ. “ತಂತಿ ಆಪೀಸು ಪ್ಯಾಟೇಲದೆ. ಬಸ್ಸು ಅದ್ರ ಟೈಮಿಗೆ ಬತ್ತದೆ. ಬಸ್ಸಿನ್ ಟೈಮ್ ನೋಡ್ಕಂಡು ಯಾರು ಸಾಯ್ತಾರೆ?”

ಅರವತ್ತಾರರ ಬೇಸಿಗೆಯಲ್ಲಿ ಪುಟ್ಟಮಾದಪ್ಪನವರ ಹೆಂಡತಿ ಬಸವಮ್ಮ ಬೆಳಗಿನ ಜಾವ ತೀರಿಕೊಂಡರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಬಿಸಿಲು ಕಾಯುತ್ತಿತ್ತು. ಕೆಂಚಯ್ಯ ಆರು ಗಂಟೆಗೆ ಹೊರಟು ಕೊಳ್ಳೇಗಾಲ ದಾಟಿ, ಕಾಮಗೆರೆ ದಾಟಿ, ಅಲ್ಲಿಂದಾಚೆಯ ಇಳಿಜಾರಿನ ಮೋರಿಯ ಬಳಿ ಬಂದರು. ಎತ್ತಿನ ಗಾಡಿಯೊಂದು ಅಡ್ಡ ಬಂತು. ಕಾಲು ಬಿಗಿದರು. ಟೈರು ಡಬ್ಬೆಂದು ಒಡೆದು ಟ್ಯೂಬು ಹೊರಗೆ ನಾಲಗೆ ಚಾಚಿತು.

ಹೊಲದಿಂದ ಒಣಹುಲ್ಲು ಕಿತ್ತು ಟೈರಿನೊಳಗೆ ತುರುಕಿ ಒಂದು ಮೈಲಿ ತುಳಿದರು. ಹುಲ್ಲು ಹಿಟ್ಟಾಗಿ ಉದುರಿತು. ಮಿಕ್ಕದ್ದನ್ನು ಸೈಕಲ್ ತಳ್ಳಿಕೊಂಡು ಓಡಿದರು. ಶಿವರತ್ನಮ್ಮನ ಅಂಗಳ ಮುಟ್ಟಿದಾಗ ಹನ್ನೊಂದು ಗಂಟೆಯ ಬಸ್ಸು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಮುಂದಿನ ಬಸ್ಸು ನಾಲ್ಕಕ್ಕೆ. ಅವಳು ಮಾಂಬಳ್ಳಿ ತಲುಪುವಾಗ ಮನೆಗಳಲ್ಲಿ ದೀಪ ಹಚ್ಚಿದ್ದರು. ಅವಳಿಗೆ ಸಿಕ್ಕಿದ್ದು ಹಸಿ ಮಣ್ಣು, ಅದರ ಮೇಲೆ ಇಟ್ಟ ಹೂವು.

ಅವಳ ಅಣ್ಣ ಗುರುಪಾದಸ್ವಾಮಿ ಒಂದೇ ಮಾತು ಕೇಳಿದರು. “ಟೈರ್ ನೋಡ್ಕಳಾಕಾಗ್ದೋನ್ಗೆ ಸೈಕಲ್ ಯಾಕ್ಲಾ ಕೆಂಚ?”

ಶಿವರತ್ನಮ್ಮ ಬೈಯಲಿಲ್ಲ. ಮೂರು ದಿನ ಕಳೆದ ಮೇಲೆ ಕೇರಿಯ ತುದಿಯವರೆಗೆ ಬಂದು, “ಆ ಟೈರು ಅದಾ ಕೆಂಚಣ್ಣ? ತಕಂಡು ಬಾ” ಎಂದಳು. ತಂದುಕೊಟ್ಟರು. ಅವಳು ಆ ಬಿರುಕಿನೊಳಗೆ ಕೈಯಿಟ್ಟಳು. ನಾಲ್ಕು ಬೆರಳು ಹಿಡಿಸಿತು.

“ಇಷ್ಟೇಯಾ?” ಎಂದಳು.

ಆಮೇಲೆ ಅತ್ತು, ಟೈರನ್ನು ಹಿಂದಕ್ಕೆ ಕೊಟ್ಟು, ಮನೆಯ ಕಡೆ ಹೋದಳು. “ಬಯ್ದಿದ್ರೆ ಮರ್ತೋಯ್ತಿತ್ತು. ಆ ಇಷ್ಟೇಯಾ ಅನ್ನಾದು ಅಂಗೇ ಕೂತ್ಕಂಡದೆ,” ಎನ್ನುತ್ತಾರೆ ಕೆಂಚಯ್ಯ.

ಕೂತದ್ದು ಸುಮ್ಮನೆ ಕೂರಲಿಲ್ಲ. ಅದುವರೆಗಿನ ಹತ್ತು ವರ್ಷ ಹಿಂದಿನ ಟೈರು ಯಾವಾಗ ಹೋದರೂ ಒಂದೇ ಕಡೆ, ಅಂಗೈಯಗಲ, ಸವೆದು ಹೋಗುತ್ತಿತ್ತು; ಮಿಕ್ಕ ಕಡೆ ಗಟ್ಟಿಯಾಗಿಯೇ ಇರುತ್ತಿತ್ತು. ಕಂಪನಿಯವರು ಆ ಜಾಗದಲ್ಲಿ ರಬ್ಬರು ಕಡಿಮೆ ಹಾಕಿ ಬಡವರಿಗೆ ಮೋಸ ಮಾಡುತ್ತಾರೆಂದು ಕೆಂಚಯ್ಯ ನಂಬಿದ್ದರು. ಗುರುಮಲ್ಲಪ್ಪನವರೊಡನೆ ಇದಕ್ಕೇ ಎಷ್ಟೋ ಜಗಳವಾಗಿತ್ತು. ಒಮ್ಮೆ ಅಂಗಡಿ ಬದಲಿಸಿದರು. ಅಲ್ಲಿ ಕೊಂಡ ಟೈರೂ ಹಾಗೇ ಒಂದೇ ಕಡೆ ಹರಿಯಿತು. ಬಸವಮ್ಮನವರ ತಿಥಿ ಕಳೆದ ಮೇಲೆ ಒಂದು ದಿನ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಇಳಿದಾಗ, ಟ್ಯೂಬಿಗೆ ಗಾಳಿ ಹಾಕುವ ಮೂತಿ ಚಕ್ರದ ನೆತ್ತಿಯಲ್ಲಿ ಇರುವುದು ಕಣ್ಣಿಗೆ ಬಿತ್ತು. ಮಾರನೆಯ ದಿನವೂ ನೆತ್ತಿಯಲ್ಲೇ. ಅದರ ಮಾರನೆಯ ದಿನವೂ. ಅಂಗಳದಲ್ಲಿ ಇಪ್ಪತ್ತು ಸಲ ಓಡಿಸಿ ನಿಲ್ಲಿಸಿ ನೋಡಿದರು. ಇಪ್ಪತ್ತು ಸಲವೂ ಅಲ್ಲೇ.

ಹೆಂಡತಿ ರಂಗಮ್ಮ ಬಾಗಿಲಿಗೆ ಬಂದು ನೋಡಿ, “ಅಮಾಸೆ ಇನ್ನೂ ದೂರ ಅದಲ್ಲ, ಈಗ್ಲೇ ಉಚ್ಚು ಇಡ್ಕತಾ?” ಎಂದರು.

ಕೆಂಚಯ್ಯ ಕೂತು ಹಲ್ಲು ಎಣಿಸಿದರು. ಮುಂದಿನ ಹಲ್ಲುಚಕ್ರಕ್ಕೆ ನಲವತ್ತನಾಲ್ಕು, ಹಿಂದಿನದಕ್ಕೆ ಇಪ್ಪತ್ತೆರಡು. ಪೆಡಲು ಒಂದು ಸುತ್ತು ಬಂದರೆ ಚಕ್ರ ಸರಿಯಾಗಿ ಎರಡು ಸುತ್ತು ಬರುತ್ತದೆ. ಅವರು ಬಿಗಿಯುವುದು ಯಾವಾಗಲೂ ಬಲಗಾಲು ಮುಂದೆ ಬಂದಾಗ. ಹಾಗಾಗಿ ಪ್ರತಿ ಸಲವೂ ನೆಲಕ್ಕೆ ಸಿಕ್ಕುವುದು ಟೈರಿನ ಅದೇ ಅಂಗೈಯಗಲ ಜಾಗ. ಹತ್ತು ವರ್ಷ ಅವರ ಕಾಲೇ ಅದನ್ನು ಉಜ್ಜುತ್ತಾ ಬಂದಿತ್ತು.

“ಕಂಪ್ನಿಯೋನೂ ಅಲ್ಲ, ಗುರುಮಲ್ಲಪ್ನೋರೂ ಅಲ್ಲ. ಟೈರ ತಿಂದೋನು ನಾನೇಯ. ನಂಗೆ ಇದು ಒಂದ್ ವರ್ಸ ಮುಂಚೆ ಗೊತ್ತಾಗಿದ್ರೆ ಆ ಅವ್ವಂಗೆ ಮೊಖ ಸಿಕ್ತಿತ್ತು.”

ಅಂದಿನಿಂದ ಪ್ರತಿ ಸೋಮವಾರ, ಎತ್ತಿಗೆ ಬಿಡುವಿರುವ ದಿನ, ಕೆಂಚಯ್ಯ ಗಾಳಿ ಇಳಿಸಿ ಟೈರನ್ನು ರಿಮ್ಮಿನ ಮೇಲೆ ನಾಲ್ಕು ಬೆರಳು ಸರಿಸುತ್ತಾರೆ. ಒಂದು ಸುತ್ತು ಪೂರ್ತಿ ಬರಲು ಹೆಚ್ಚುಕಡಿಮೆ ಏಳು ತಿಂಗಳು. ಹಿಂದೆ ಒಂದು ಬೇಸಿಗೆ ಕಾಣದ ಟೈರು ಈಗ ಎರಡು ಬೇಸಿಗೆ ಬರುತ್ತದೆ. ಹೋದಾಗ ಹೇಳಿ ಹೋಗುತ್ತದೆ, ಮೈಯೆಲ್ಲ ಒಟ್ಟಿಗೆ ಸವೆದು.

ಹನೂರಿನ ಕಡೆಗೆ ಬೇರೆ ಯಾರ ಸುದ್ದಿ ಒಯ್ದರೂ ಶಿವರತ್ನಮ್ಮನ ಅಂಗಳದ ಮುಂದೆ ಹಾದು ಬರುವುದು ಅವರ ಪರಿಪಾಠವಾಗಿದೆ. ತಲೆಗೆ ವಸ್ತ್ರ ಕಟ್ಟಿಕೊಂಡೇ ಬರುತ್ತಾರೆ, ಅವಳ ಎದೆ ನಡುಗಬಾರದೆಂದು. ಅವಳು ಎಲೆಯಲ್ಲಿ ಮುದ್ದೆ ತಂದಿಟ್ಟು ಪ್ರತಿ ಸಲವೂ ಕೇಳುತ್ತಾಳೆ, “ಟೈರು ಎಂಗದೆ ಕೆಂಚಣ್ಣ?” ಅದರಲ್ಲಿ ಕುಟುಕು ಎಷ್ಟು, ಅಕ್ಕರೆ ಎಷ್ಟು ಎಂಬುದನ್ನು ಕೆಂಚಯ್ಯ ಈವರೆಗೆ ಬಿಡಿಸಿ ನೋಡಿಲ್ಲ. “ಅದೆ ಕಣವ್ವ” ಎಂದಷ್ಟೇ ಹೇಳಿ ಉಣ್ಣುತ್ತಾರೆ.

ಈಗ ನೂಲು ಇಣುಕಿದೆ. ಅತ್ತ ಪುಟ್ಟಮಾದಪ್ಪನವರು ಜಗುಲಿಯ ಮಂಚ ಹಿಡಿದಿದ್ದಾರೆ. ಶಿವರತ್ನಮ್ಮ ಎರಡು ಸಲ ಬಂದು, ಒಂದೊಂದು ಸಲವೂ ಇಪ್ಪತ್ತು ದಿನ ಕೂತು ಹೋಗಿದ್ದಾಳೆ. ಅಲ್ಲಿ ಅವಳ ಅತ್ತೆಯೂ ಹಾಸಿಗೆಯಲ್ಲಿ. ಮನೆಯಲ್ಲಿ ರೇಷ್ಮೆ ಹುಳು. ಎಷ್ಟು ದಿನ ಕೂತಾಳು? ಮುದುಕರು ಕೆಂಚಯ್ಯನವರನ್ನು ಕರೆಸುತ್ತಾರೆ. ಕೆಂಚಯ್ಯ ಅಂಗಳದಲ್ಲಿ ನಿಲ್ಲುತ್ತಾರೆ.

“ಟೈರು ಬೋಳಾಗದಂತಲ್ಲಾ ಕೆಂಚ. ನಮ್ಮೋನ್ಗೆ ಯೋಳಿವ್ನಿ, ದುಡ್ಡು ಇಸ್ಕಂಡು ಒಸ್ದು ಆಕುಸ್ಕ.”

“ಬ್ಯಾಡಿ ಬುದ್ದಿ. ಮುಂಚೆ ಇಸ್ಕಂಡ್ರೆ ಕರ್ದಂಗಾಯ್ತದೆ.”

“ನಾನೇ ಕರ್ದು ಕರ್ದು ಸಾಕಾಗಿವ್ನಿ, ಅದು ಬರಾಕಿಲ್ಲ ಅಂತದೆ. ನೀ ಕರುದ್ರೆ ಬಂದದಾ? ಇಸ್ಕಳ್ಲಾ.”

ಕೆಂಚಯ್ಯ ತಲೆ ಎತ್ತುವುದಿಲ್ಲ. ಸುದ್ದಿಗೆ ಮೊದಲು ಕೂಲಿ ಹಿಡಿದರೆ ಸಾವನ್ನು ಮನೆಗೆ ಕರೆತಂದಂತೆ ಎಂಬುದು ಅಪ್ಪ ಹಾಕಿಕೊಟ್ಟ ಗೆರೆ. ಅಪ್ಪ ಹಸಿದುಕೊಂಡಿದ್ದಾಗಲೂ ದಾಟದ ಗೆರೆ.

ಮುದುಕರು ಬಹಳ ಹೊತ್ತು ಮೇಲುಸಿರು ಬಿಡುತ್ತಾರೆ. “ಆಗ್ಲಿ. ನನ್ ಮಗ್ಳು ಒಂದ್ ಸಲ ಮಣ್ಣ ತಬ್ಕಂಡು ಅತ್ತವ್ಳೆ. ಇನ್ನೊಂದ್ ಸಲ ಬ್ಯಾಡ.”

“ಇಲ್ಲ ಬುದ್ದಿ.”

ಅಷ್ಟೇ ಮಾತು. ಆ ವಾರದ ಸಂತೆಯಲ್ಲಿ ರಂಗಮ್ಮ ಸಾಕಿದ ಆಡಿನ ಮರಿಯೊಂದು ಟೈರಿಗೆ ಹೋಗುತ್ತದೆ. ಮಳೆಗಾಲಕ್ಕೆ ಗುಡಿಸಲಿಗೆ ಹುಲ್ಲು ಹೊದಿಸಲು ಇಟ್ಟಿದ್ದ ಮರಿ ಅದು. ರಂಗಮ್ಮ ಹಗ್ಗ ಬಿಚ್ಚಿ ಕೈಗೆ ಕೊಡುವಾಗ, “ಸೋರುದ್ರೆ ಆ ಟೈರ್ನೇ ಕವುಚ್ಕಂಡು ಮಲ್ಗು” ಎಂದರು. ಕೊಡುವುದಿಲ್ಲ ಎನ್ನಲಿಲ್ಲ.

ಗುರುಮಲ್ಲಪ್ಪನವರ ಅಂಗಡಿ ಕೊಳ್ಳೇಗಾಲದ ಬೀದಿಗೆ ಮೂರಡಿ ಚಾಚಿಕೊಂಡಿದೆ. ಕೆಂಚಯ್ಯನವರನ್ನು ಕಂಡ ಕೂಡಲೇ ಗಾಳಿ ಹಾಕಿಸಲು ನಿಂತವರಲ್ಲಿ ಒಬ್ಬರು ಮೆಲ್ಲಗೆ ಜಾಗ ಬಿಡುತ್ತಾರೆ.

“ಬಂದ್ಯಾ ಯಮಧರ್ಮನ ಪೋಸ್ಟ್‌ಮ್ಯಾನು? ಈ ಬೀದೀಗೆ ಯಾರ್ದಾದ್ರೂ ಕಾಗ್ದ ಅದಾ?” ಎಂದು ಗುರುಮಲ್ಲಪ್ಪ ಕೇಳುತ್ತಾರೆ.

“ನಿಮ್ದು ಇನ್ನೂ ಬರ್ದಿಲ್ಲ ಕಣ್ರಿ. ಬಂದ್ರೆ ಮೊದ್ಲು ನಿಮ್ಗೇ ಕೊಡ್ತೀನಿ. ಟೈರ್ ತಗೀರಿ.”

ಗುರುಮಲ್ಲಪ್ಪ ಮೊದಲು ತೆಗೆದದ್ದು ಉಬ್ಬುಬ್ಬು ಅಚ್ಚಿನ ಹೊಸ ಟೈರು. ಹಳದಿ ಕಾಗದ ಸುತ್ತಿದೆ. “ಮದ್ವೆ ಗಂಡಿನಂಗದೆ ನೋಡು.”

“ಈ ಉಬ್ಬಿನ ಸಂದೀಲಿ ಕಲ್ಲು ಕಚ್ಕತದೆ, ಮುಳ್ಳು ಕಚ್ಕತದೆ. ನಾ ಕಾಲು ಬಿಗುದ್ರೆ ಮದ್ವೆ ಗಂಡು ಒಂದೇ ತಿಂಗ್ಳಿಗೆ ಬೋಳು. ಪಕ್ಕ ಮುಟ್ಟಿ ನೋಡಿ, ಅಪ್ಳ. ಇದು ಪ್ಯಾಟೆ ರೋಡಿಗೆ.”

ಎರಡನೆಯದು ಅಂಗಡಿಯಲ್ಲೇ ಅಗ್ಗದ್ದು. ಹಳೆಯ ಟೈರಿನೊಳಗೆ ಲಾರಿ ಟೈರಿನ ಪಟ್ಟಿ ಅಂಟಿಸಿ ಹೊಲಿದದ್ದು. ಗಟ್ಟಿಗೇನೂ ಕಡಿಮೆಯಿಲ್ಲ, ಸೌದೆ ಹೊರುವವರು ಇದನ್ನೇ ಒಯ್ಯುತ್ತಾರೆ. ಕೆಂಚಯ್ಯ ಕೈಯಲ್ಲಿ ತೂಗಿ ಇಡುತ್ತಾರೆ. “ಇಪ್ಪತ್ತೆರಡು ಮೈಲಿ ಇದ ಎಳ್ಕಂಡು ಓದ್ರೆ ಸುದ್ದಿ ಯೋಳಾಕೆ ನಂಗೇ ಉಸ್ರು ಇರಾಕಿಲ್ಲ.”

ಆಮೇಲೆ ಅವರ ಕಣ್ಣು ಒಳಗಿನ ಗೂಟಕ್ಕೆ ಹೋಗುತ್ತದೆ. ಅಲ್ಲಿ ಧೂಳು ಹಿಡಿದ ಮೂರು ಟೈರುಗಳಿವೆ. ಅಂದವಿಲ್ಲ, ನಡುವೆ ದಪ್ಪನೆಯ ಮೂರು ಗೆರೆ, ಅಷ್ಟೇ. ಹಾಲಿನವರು ಹಾಕಿಸುವಂಥದ್ದು. ಬೆಲೆಯೂ ನಡುವಿನದು. ಕೆಂಚಯ್ಯ ಒಂದೊಂದನ್ನೇ ಇಳಿಸಿ, ಪಕ್ಕವನ್ನು ಹಿಂದಕ್ಕೆ ಮಡಚಿ ಬೆಳಕಿಗೆ ಹಿಡಿಯುತ್ತಾರೆ. ಮೊದಲನೆಯದರಲ್ಲಿ ಹಿಮ್ಮಡಿಯ ಒಡಕಿನಂತೆ ಸಣ್ಣ ಬಿರುಕುಗಳು. ಬಹಳ ದಿನ ತೂಗುಬಿದ್ದ ಸರಕು. ಎರಡನೆಯದನ್ನು ಮೂಸಿದರೆ ಸೀಮೆಎಣ್ಣೆಯ ವಾಸನೆ; ಬದಿಗಿಡುತ್ತಾರೆ. ಮೂರನೆಯದನ್ನು ಒಳಹೊರಗು ತಿರುವಿ, ಈ ಊರಿನ ಮಗ್ಗದವರು ಸೆರಗು ತಿರುವಿ ನೂಲು ನೋಡುವ ಹಾಗೆ, ಒಳಗಿನ ನೂಲು ಒತ್ತಾಗಿದೆಯೇ ಎಂದು ಉಗುರಿನಿಂದ ಗೀರುತ್ತಾರೆ. ನಡುವಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಉಗುರು ಬಿಳಿಚಿದರೂ ರಬ್ಬರು ಒಳಗೆ ಹೋಗುವುದಿಲ್ಲ.

“ಎಣ್ಣು ನೋಡಾಕೆ ಓದಾಗ್ಲೂ ಇಷ್ಟು ನೋಡಿರ್ನಿಲ್ಲ ಕಣಪ್ಪ ನೀನು,” ಎಂದು ಗುರುಮಲ್ಲಪ್ಪ ಅನ್ನುತ್ತಾರೆ.

“ಆಗ ಮೊಖ ನೋಡ್ಬೇಕಾಗಿದ್ದೋನು ನಾನೊಬ್ನೇಯ, ಈಗ ಇನ್ನೊಬ್ರು ನೋಡ್ಬೇಕು. ಇದೇ ಕೊಡಿ.”

ಹದಿನಾರು ದಿನದ ಮೇಲೆ, ಮೊದಲ ಕೋಳಿಯ ಹೊತ್ತಿಗೆ, ಗುರುಪಾದಸ್ವಾಮಿ ತಾವೇ ಕೇರಿಯ ತುದಿಗೆ ಬಂದು ಕೂಗುತ್ತಾರೆ. “ಕೆಂಚ, ಅಪ್ಪಾಜಿ ಓದ್ರು ಕಣ್ಲಾ. ನಾಕು ಗಂಟ್ಗೆ ಮಣ್ಣು. ಅನೂರಿಗೆ ಓಗು.” ಅಲ್ಲಿ ನಿಂತಿದ್ದು ಮತ್ತೊಂದು ಮಾತು ಸೇರಿಸುತ್ತಾರೆ. “ಉಸಾರು.”

ಕೆಂಚಯ್ಯ ಟೈರನ್ನು ಹಿಸುಕಿ ನೋಡಿ ಹತ್ತುತ್ತಾರೆ. ಕೊಳ್ಳೇಗಾಲದಲ್ಲಿ ಹಾಲಿನವರು ಎದ್ದಿದ್ದಾರೆ. ಕಾಮಗೆರೆಯ ಆಸ್ಪತ್ರೆಯ ಮುಂದೆ ಎರಡು ಗಾಡಿಗಳು ನಿಂತಿವೆ. ಆ ಗಾಡಿಗಳತ್ತ ಅವರು ಎಂದೂ ನೋಡುವುದಿಲ್ಲ, ಅಲ್ಲಿರುವವರಿಗೆ ತಮ್ಮ ಮುಖ ಕಾಣುವುದು ಬೇಡವೆಂದು. ಅಲ್ಲಿಂದಾಚೆಗೆ ಅದೇ ಇಳಿಜಾರು, ಅದೇ ಮೋರಿ. ಬೆಳಕು ಹರಿದಿದೆ. ಇಳಿಜಾರಿನ ತಲೆಯಿಂದಲೇ ವೇಗ ಕಡಿಮೆ ಮಾಡಿಕೊಂಡು, ಕಾಲು ಬಿಗಿಯದೆ, ಪೆಡಲಿಗೆ ಎದುರು ಒತ್ತು ಕೊಡುತ್ತಾ ಇಳಿಯುತ್ತಾರೆ. ಮೋರಿ ದಾಟಿದ ಮೇಲೆ ಚಕ್ರದಿಂದ ಟಪ್ ಟಪ್ ಎಂದು ಸದ್ದು ಬರತೊಡಗುತ್ತದೆ. ಸದ್ದಿಲ್ಲದ ಸೈಕಲ್ಲಿನಲ್ಲಿ ಆ ಸದ್ದು ಎದೆಗೇ ಬಡಿದಂತಿದೆ.

ಇಳಿದು ನೋಡಿದರೆ ಎತ್ತಿನ ಲಾಳದ ಮೊಳೆ. ನಡುವಿನ ಗೆರೆಯಲ್ಲಿ ತಲೆಯವರೆಗೆ ಹೂತಿದೆ. ಕೆಂಚಯ್ಯ ತುಸು ಹೊತ್ತು ಅದನ್ನು ಮುಟ್ಟುವುದಿಲ್ಲ. ಆಮೇಲೆ ಹಲ್ಲಿನಿಂದ ಕಚ್ಚಿ ಎಳೆದು, ತೂತಿಗೆ ಎಂಜಲು ಹಚ್ಚಿ, ಗುಳ್ಳೆ ಏಳುವುದೇ ಎಂದು ನೋಡುತ್ತಾ ಕೂರುತ್ತಾರೆ. ಏಳುವುದಿಲ್ಲ. ಮೊಳೆ ರಬ್ಬರಿನಲ್ಲೇ ಬಾಗಿ ನಿಂತಿತ್ತು, ನೂಲನ್ನು ಮುಟ್ಟಿರಲಿಲ್ಲ. ಮೊಳೆಯನ್ನು ಜೇಬಿಗೆ ಹಾಕಿಕೊಂಡು ಹತ್ತುತ್ತಾರೆ.

ಹನೂರಿನಲ್ಲಿ ಶಿವರತ್ನಮ್ಮ ಅಂಗಳದಲ್ಲಿ ಕೂತು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಾಳೆ. ಟೈರಿನ ಸರಸರ ಕೇಳಿ, ತಲೆ ಎತ್ತುವ ಮೊದಲೇ ಎಂದಿನ ಮಾತು ಬಾಯಿಂದ ಬರುತ್ತದೆ.

“ಟೈರು ಎಂಗದೆ ಕೆಂಚಣ್ಣ?”

ಅಪ್ಪ ಕಲಿಸಿದ ಮಾತು, ದೊಡ್ಡೋರು ಬರೇಳವ್ರೆ ಎಂಬುದು, ಕೆಂಚಯ್ಯನವರ ನಾಲಗೆಯ ಮೇಲಿದೆ. ಅದು ಹೊರಗೆ ಬರುವುದಿಲ್ಲ.

“ಚೆನ್ನಾಗದೆ ಕಣವ್ವ,” ಎನ್ನುತ್ತಾರೆ. “ಎಂಟು ಗಂಟೆ ಬಸ್ಸು ಸಿಕ್ತದೆ.”

ಅವಳು ತಲೆ ಎತ್ತಿ ಬರಿತಲೆಯನ್ನು ನೋಡುತ್ತಾಳೆ. ಕುಡುಗೋಲನ್ನು ಸೊಪ್ಪಿನ ಮೇಲೆ ಮೆಲ್ಲಗೆ ಇಡುತ್ತಾಳೆ. ಗಂಡನನ್ನು ಕರೆಯುವುದಕ್ಕೆ ಮೊದಲು, ಅಳುವುದಕ್ಕೂ ಮೊದಲು, ಅವಳ ಕಣ್ಣು ಒಮ್ಮೆ ಹಿಂದಿನ ಚಕ್ರಕ್ಕೆ ಹೋಗಿ ಬರುತ್ತದೆ.

ಕೆಂಚಯ್ಯ ಉಳಿದ ಊರುಗಳಿಗೆ ಸುದ್ದಿ ಮುಟ್ಟಿಸಿ ಮಾಂಬಳ್ಳಿಗೆ ಬಂದಾಗ ಮೂರು ಗಂಟೆ. ಜನ ತುಂಬಿದ ಅಂಗಳಕ್ಕೆ ಅವರು ಹೋಗುವುದಿಲ್ಲ. ಬೇಲಿಯಾಚೆ ಸೈಕಲ್ ಹಿಡಿದು ನಿಲ್ಲುತ್ತಾರೆ. ಅವಳು ಹನ್ನೊಂದಕ್ಕೆ ಮುಂಚೆಯೇ ಬಂದಳು, ಅಪ್ಪನ ಹಣೆಗೆ ತಾನೇ ವಿಭೂತಿ ಹಚ್ಚಿದಳು, ಕೆನ್ನೆಗೆ ಕೆನ್ನೆ ಇಟ್ಟು ಬಹಳ ಹೊತ್ತು ಬಿಡಲಿಲ್ಲ ಎಂದು ರಂಗಮ್ಮ ಬಂದು ಹೇಳುತ್ತಾರೆ. ಎಲ್ಲ ಮುಗಿದ ಮೇಲೆ ಗುರುಪಾದಸ್ವಾಮಿ ಬೇಲಿಯ ಬಳಿ ಬಂದು ಬಟ್ಟೆಯ ತುಂಡನ್ನು ಕೈಗೆ ಹಾಕಿ, ಟೈರಿನ ಕಡೆ ನೋಡಿ, “ಯಾರ್ ತಾವ ತಕಂಡೆ?” ಎಂದು ಕೇಳುತ್ತಾರೆ. ಗುರುಮಲ್ಲಪ್ಪನವರ ಅಂಗಡಿ ಎಂದರೆ ತಲೆಯಾಡಿಸಿ ಹೋಗುತ್ತಾರೆ.

ಆ ಬಟ್ಟೆ ರಂಗಮ್ಮನ ಕುಬುಸಕ್ಕಾಯಿತು. ಗುಡಿಸಲಿನ ಹುಲ್ಲು ಹಾಗೇ ಇದೆ, ಮುಂಗಾರು ಹತ್ತಿರ ಬರುತ್ತಿದೆ.

ಸೋಮವಾರದ ಮುಂಜಾನೆ. ಕೆಂಚಯ್ಯ ಸೈಕಲನ್ನು ತಲೆಕೆಳಗು ನಿಲ್ಲಿಸಿ ಟೈರಿನ ಗಾಳಿ ಇಳಿಸುತ್ತಿದ್ದಾರೆ. ಹನೂರಿನಾಚೆ ಕಾಡಂಚಿನ ಹಳ್ಳಿಯೊಂದರಲ್ಲಿ ಅವರ ಮಗಳೂ ಇದ್ದಾಳೆ, ಚಿಕ್ಕಮಾದಮ್ಮ. ವರ್ಷಕ್ಕೊಮ್ಮೆ ಬಂದು ಹೋಗುತ್ತಾಳೆ. ಕೆಂಚಯ್ಯನವರ ತಾಯಿ ತೀರಿಕೊಂಡ ದಿನ ಅವರು ಬೇರೆ ಯಾರದೋ ಸುದ್ದಿ ಹೊತ್ತು ನಾಲ್ಕು ಊರು ಸುತ್ತುತ್ತಿದ್ದರು. ಹುಡುಕಿಕೊಂಡು ಬಂದು ಹೇಳುವವರು ಯಾರೂ ಇರಲಿಲ್ಲ. ಸುದ್ದಿ ಒಯ್ಯುವವರೇ ಅವರಲ್ಲವೇ? ಸಂಜೆ ಮನೆಗೆ ಬಂದಾಗ ಮಣ್ಣಾಗಿತ್ತು. ಅದನ್ನು ಅವರು ಯಾರ ಮೇಲೂ ಹೊರಿಸುವುದಿಲ್ಲ.

“ನನ್ ಕಾಲ ಬಂದಾಗ ಈ ಸೈಕಲ್ ತುಳ್ಯೋರು ಯಾರೂ ಇಲ್ಲ ಈ ಊರಲ್ಲಿ,” ಎನ್ನುತ್ತಾ ಟೈರನ್ನು ರಿಮ್ಮಿನ ಮೇಲೆ ಎರಡೂ ಕೈಯಿಂದ ತಿರುವುತ್ತಾರೆ. ನಾಲ್ಕು ಬೆರಳು ಅಳೆದು ನೋಡಿ ನಿಲ್ಲಿಸುತ್ತಾರೆ. “ಯಾರಾರ ಒಬ್ರು ಕಲ್ತ್ಕಂಡ್ರೆ ಸಾಕು. ಬೀಳ್ತಾರೆ ಒಂದ್ ನಾಕ್ ಸಲ, ಆಮೇಲೆ ಬತ್ತದೆ. ನನ್ ಚಿಕ್ಕಮಾದೀಗೆ ಓಗಿ ಯೋಳುದ್ರಾಯ್ತು, ಒತ್ತಿಗ್ ಸರ್ಯಾಗಿ. ಟೈರಿನ್ ಯೋಚ್ನೆ ಮಾತ್ರ ಅವರ್ಗೆ ಬ್ಯಾಡ.”

ಪಂಪಿಗೆ ಕೈ ಹಾಕುತ್ತಾರೆ.

“ಅದ ನಾ ನೋಡ್ಕಂಡಿರ್ತೀನಿ.”